ನಿಮ್ಮ ಬ್ಯಾರಲ್‌ಗೆ ಒಪ್ಪುವ ಪೆಲೆಟ್ ಯಾವುದು? 10 ಮೀಟರ್ ಏರ್ ರೈಫಲ್ ಶೂಟರ್‌ಗಳಿಗೆ ಸಮಗ್ರ ಮಾರ್ಗದರ್ಶಿ

ಕೊಡಗಿನಲ್ಲಿ ಕೈಲ್ ಮುಹೂರ್ತದ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇರುತ್ತದೆ. ನಾನು ಗುರಿ ಇಡಲು ಕಲಿತದ್ದು ಅಲ್ಲೇ. ಕಾಯಿಯ ಎಡಕ್ಕೆ ತಾಗಿದರೂ ಸರಿ, ಬಲಕ್ಕೆ ತಾಗಿದರೂ ಸರಿ, ತಾಗಿದರೆ ಆಯಿತು. 10 ಮೀಟರ್ ಏರ್ ರೈಫಲ್‌ಗೆ ಬಂದ ಮೇಲೆ ಆ ಧಾರಾಳವೆಲ್ಲ ಮುಗಿಯಿತು. ಇಲ್ಲಿ ಹತ್ತರ ಚುಕ್ಕಿಯ ಅಗಲ ಬರೀ 0.5 ಮಿ.ಮೀ. ನಾವು ಹೊಡೆಯುವ ಪೆಲೆಟ್, ಅಂದರೆ ಸೀಸದ ಪುಟ್ಟ ಗುಂಡು, 4.5 ಮಿ.ಮೀ. ಅಂದರೆ ಗುಂಡು ಗುರಿಗಿಂತ ಒಂಬತ್ತು ಪಟ್ಟು ದೊಡ್ಡದು!

ಶುರುವಿನ ವರ್ಷಗಳಲ್ಲಿ ನಾನು ಪೆಲೆಟ್ ಬಗ್ಗೆ ಯೋಚಿಸಿದ್ದೇ ಇಲ್ಲ. ಒಂದು ರಾಜ್ಯ ಮಟ್ಟದ ಸ್ಪರ್ಧೆಯ ಹಿಂದಿನ ದಿನ ನನ್ನ ಡಬ್ಬಿ ಬಹುತೇಕ ಖಾಲಿಯಾಯಿತು. ಅಂಗಡಿಗೆ ಹೋಗಿ ಅದೇ ಕಂಪನಿಯ, ಅದೇ ಅಳತೆಯ ಹೊಸ ಡಬ್ಬಿ ತಂದೆ. ಮರುದಿನ ಗುಂಡುಗಳು ಕಾರಣವಿಲ್ಲದೆ 9.8, 9.6 ಅಂಕಕ್ಕೆ ಜಾರತೊಡಗಿದವು. ಉಸಿರು ಸರಿಯಿಲ್ಲವೇನೋ, ಭುಜ ಸರಿಯಿಲ್ಲವೇನೋ ಎಂದು ನಿಲುವು ಬದಲಿಸಿದೆ. ಬದಲಿಸಿದಷ್ಟೂ ಹಾಳಾಯಿತು. ಮನೆಗೆ ಬಂದು ಎರಡು ಡಬ್ಬಿಗಳ ಹಿಂಭಾಗ ನೋಡಿದಾಗ ಲಾಟ್ ನಂಬರ್, ಅಂದರೆ ಒಂದೇ ಸಲಕ್ಕೆ ತಯಾರಾದ ಪೆಲೆಟ್‌ಗಳಿಗೆ ಕಂಪನಿ ಕೊಡುವ ಸಂಖ್ಯೆ, ಬೇರೆ ಬೇರೆ ಇತ್ತು. ಹಳೆಯ ಡಬ್ಬಿಯ ತಳದಲ್ಲಿ ಉಳಿದಿದ್ದ ಒಂದಿಷ್ಟು ಪೆಲೆಟ್‌ಗಳನ್ನೂ ಹೊಸದನ್ನೂ ವೈಸ್‌ಗೆ (ವಸ್ತುವನ್ನು ಅಲ್ಲಾಡದಂತೆ ಕಚ್ಚಿ ಹಿಡಿಯುವ ಸಾಧನ) ಕಟ್ಟಿದ ರೈಫಲ್‌ನಿಂದ ಹೊಡೆದು ನೋಡಿದೆ. ಹಳೆಯದು ಒಂದೇ ತೂತು ಮಾಡಿತು. ಹೊಸದು ಹರಡಿತು. ಆವತ್ತು ನನ್ನ ಕೈ ಸರಿಯಾಗಿಯೇ ಇತ್ತು.

ಕೈಯನ್ನು ಅನುಮಾನಿಸುವ ಮೊದಲು ಬ್ಯಾರಲ್‌ಗೆ (ರೈಫಲ್‌ನ ನಳಿಗೆಗೆ) ಒಪ್ಪುವ ಪೆಲೆಟ್ ಹುಡುಕಿಕೊಳ್ಳಿ. ಅದನ್ನು ಹೇಗೆ ಮಾಡಬೇಕು ಎಂದು ಒಂದೊಂದಾಗಿ ಹೇಳುತ್ತೇನೆ.

ಇದು ಎಷ್ಟು ಅಂಕದ ಮಾತು?

ಗುರಿ ಹಾಳೆಯಲ್ಲಿ ಒಂದು ವೃತ್ತಕ್ಕೂ ಮುಂದಿನ ವೃತ್ತಕ್ಕೂ ನಡುವೆ 2.5 ಮಿ.ಮೀ ಅಂತರ. ಈಗ ದಶಮಾಂಶದಲ್ಲಿ ಅಂಕ ಕೊಡುವುದರಿಂದ 0.1 ಅಂಕ ಅಂದರೆ 0.25 ಮಿ.ಮೀ. ಪೆಲೆಟ್‌ನ ಕೇಂದ್ರ ಗುರಿಯ ಕೇಂದ್ರದಿಂದ 0.25 ಮಿ.ಮೀ ಒಳಗಿದ್ದರೆ 10.9. ಅದು 2.5 ಮಿ.ಮೀ ದೂರ ಹೋದರೆ 10.0.

ಅರ್ಹತಾ ಸುತ್ತಿನಲ್ಲಿ 60 ಗುಂಡು, ಗರಿಷ್ಠ 654. ಪ್ರತಿ ಗುಂಡೂ ಸರಾಸರಿ 0.25 ಮಿ.ಮೀ ಹೆಚ್ಚು ಆಚೆ ಬಿದ್ದರೆ 6 ಅಂಕ ಹೋಯಿತು. ಫೈನಲ್‌ಗೆ ಹೋಗುವವರಿಗೂ ಹೊರಗೆ ಉಳಿಯುವವರಿಗೂ ನಡುವೆ ಎಷ್ಟೋ ಸಲ ಅರ್ಧ ಅಂಕವೂ ಇರುವುದಿಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದದ್ದು ಇದೇ ಸ್ಪರ್ಧೆಯಲ್ಲಿ. 2023ರ ಚಾಂಗ್ವಾನ್ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಬೆಂಗಳೂರಿನ ತಿಲೋತ್ತಮಾ ಸೇನ್ ಬೆಳ್ಳಿ ಗೆದ್ದದ್ದೂ ಇದರಲ್ಲೇ. ಆ ಮಟ್ಟದಲ್ಲಿ ಎಲ್ಲ ಲೆಕ್ಕವೂ ಮಿಲಿಮೀಟರ್‌ನ ಕಾಲುಭಾಗದಲ್ಲೇ ನಡೆಯುವುದು.

ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೀವು ಶೂಟಿಂಗ್ ಶುರುಮಾಡಿ ಆರು ತಿಂಗಳಾಗಿದ್ದು, ನಿಂತು ಹೊಡೆದ ಹತ್ತು ಗುಂಡು 20 ಮಿ.ಮೀ ಅಗಲಕ್ಕೆ ಹರಡುತ್ತಿದ್ದರೆ, ದುಬಾರಿ ಪೆಲೆಟ್‌ಗೆ ಈಗಲೇ ಹಣ ಹಾಕಬೇಡಿ. ಪೆಲೆಟ್‌ನ ತಪ್ಪು ಕೈಯ ತಪ್ಪಿನೊಳಗೆ ಮುಳುಗಿ ಹೋಗುತ್ತದೆ. ಆ ದುಡ್ಡನ್ನು ಒಳ್ಳೆಯ ಶೂಟಿಂಗ್ ಜಾಕೆಟ್‌ಗೆ ಇಟ್ಟುಕೊಳ್ಳಿ. ನಿಮ್ಮ ಗುಂಡುಗಳು ಹೆಚ್ಚಾಗಿ ಒಂಬತ್ತು, ಹತ್ತರಲ್ಲೇ ಬೀಳಲು ಶುರುವಾದ ಮೇಲೆ ಈ ಕೆಲಸಕ್ಕೆ ಕೈ ಹಾಕಿ.

ರೈಫಲ್ ಬಗ್ಗೆ ಸ್ವಲ್ಪ

ನನ್ನ ಹತ್ತಿರ ಇರುವುದು ಸೆಕೆಂಡ್ ಹ್ಯಾಂಡ್‌ನಲ್ಲಿ ತೆಗೆದುಕೊಂಡ ಫೈನ್‌ವರ್ಕ್‌ಬೌ 700. ಹೊಸತಾಗಿ ಕೊಳ್ಳುವವರು ಫೈನ್‌ವರ್ಕ್‌ಬೌ 800, ವಾಲ್ಥರ್ ಎಲ್‌ಜಿ 400, ಆನ್‌ಶುಟ್ಜ್ 9015, ಸ್ಟೈಯರ್ ಕಡೆ ನೋಡುತ್ತಾರೆ. ನಿಜ ಹೇಳಬೇಕೆಂದರೆ ಇವುಗಳಲ್ಲಿ ಯಾವುದರ ಬ್ಯಾರಲ್ ಕೂಡ ನಮ್ಮ ಕೈಗಿಂತ ಕೆಟ್ಟದಲ್ಲ. ನಿಮ್ಮ ಮೈಕಟ್ಟಿಗೆ ಕೂರುವುದನ್ನು ತೆಗೆದುಕೊಳ್ಳಿ. ಕೆನ್ನೆ ಇಡುವ ಭಾಗ ಮತ್ತು ಭುಜಕ್ಕೆ ತಾಗುವ ಭಾಗ ಎಷ್ಟು ಸುಲಭವಾಗಿ ಹೊಂದುತ್ತವೆ ಎಂದು ನೋಡಿ. ತೂಕ 5.5 ಕಿಲೋ ಮೀರಬಾರದು ಎನ್ನುವುದು ನಿಯಮ.

ಹಳೆಯ ಫೈನ್‌ವರ್ಕ್‌ಬೌ 300 ಸಿಕ್ಕರೆ ಮೂಗು ಮುರಿಯಬೇಡಿ. ಅದು ಸ್ಪ್ರಿಂಗ್‌ನಿಂದ ನಡೆಯುವ ರೈಫಲ್. ಹೊಡೆದಾಗ ಮೇಲಿನ ಭಾಗ ಪೂರ್ತಿ ಹಿಂದಕ್ಕೆ ಜಾರಿ ಒದೆತವನ್ನು ನುಂಗುತ್ತದೆ. 1970ರ ದಶಕದಲ್ಲಿ ಸ್ಪರ್ಧೆಗಳಲ್ಲಿ ಅದರದ್ದೇ ರಾಜ್ಯ. ಒಳಗಿನ ಸ್ಪ್ರಿಂಗ್, ಸೀಲ್ ಬದಲಿಸಿದರೆ ಕಲಿಯುವವರಿಗೆ ಇವತ್ತಿಗೂ ಒಳ್ಳೆಯ ಜೊತೆಗಾರ.

ಈ ರೈಫಲ್‌ಗಳಿಂದ ಪೆಲೆಟ್ ಸೆಕೆಂಡಿಗೆ ಸುಮಾರು 170ರಿಂದ 175 ಮೀಟರ್ ವೇಗದಲ್ಲಿ ಹೊರಡುತ್ತದೆ. 0.53 ಗ್ರಾಂ ಪೆಲೆಟ್‌ಗೆ ಲೆಕ್ಕ ಹಾಕಿದರೆ ಶಕ್ತಿ ಸುಮಾರು 8 ಜೂಲ್. ನಮ್ಮ ದೇಶದಲ್ಲಿ 0.177 ಇಂಚು ಅಳತೆ ಮತ್ತು 20 ಜೂಲ್ ಮಿತಿಯೊಳಗಿನ ಏರ್ ರೈಫಲ್‌ಗೆ ಬಂದೂಕಿನ ಲೈಸೆನ್ಸ್ ಬೇಡ. ಹಾಗೆಂದು ಇದು ಜಾತ್ರೆಯಲ್ಲಿ ಬಲೂನು ಒಡೆಯುವ ಏರ್‌ಗನ್ ಅಲ್ಲ. 8 ಜೂಲ್ ಕಣ್ಣು ತೆಗೆಯಲು ಬೇಕಾದಷ್ಟಾಯಿತು. ತೋಟದ ಹಕ್ಕಿ, ಅಳಿಲಿನ ಕಡೆ ತಿರುಗಿಸುವುದಂತೂ ಬೇಡವೇ ಬೇಡ.

ನಾವು ತೋಟಾ ತುಂಬುವುದಿಲ್ಲ, ಹಾಗಾದರೆ ಏನು ಮಾಡಬಹುದು?

ಅಮೆರಿಕದ ಬೆಂಚ್‌ರೆಸ್ಟ್ ಶೂಟರ್‌ಗಳು (ರೈಫಲ್ ಅನ್ನು ಮೇಜಿನ ಮೇಲೆ ಊರಿ ಹೊಡೆಯುವವರು) ಹಾರಿಸಿದ ಹಿತ್ತಾಳೆ ತೋಟಾವನ್ನು ತಾವೇ ಮತ್ತೆ ತುಂಬುತ್ತಾರೆ. ತಮ್ಮ ಬ್ಯಾರಲ್‌ಗೆ ಯಾವುದು ಹಿತವೋ ಅದನ್ನೇ ತಯಾರಿಸಿಕೊಳ್ಳುವುದು ಅವರ ದಾರಿ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವಂತಿಲ್ಲ. ಇನ್ನು 50 ಮೀಟರ್ ಸ್ಪರ್ಧೆಯ .22 ತೋಟಾದಲ್ಲಿ ಸಿಡಿಯುವ ಮದ್ದು ಅಂಚಿನ ಒಳಗೇ ಇರುತ್ತದೆ. ಪಿನ್ ಬಡಿದಾಗ ಆ ಅಂಚು ಜಜ್ಜಿಹೋಗುತ್ತದೆ. ಹಾಗಾಗಿ ಅದನ್ನು ಮತ್ತೆ ತುಂಬುವ ಪದ್ಧತಿಯೇ ಇಲ್ಲ. ಅದಕ್ಕೇ .22 ಶೂಟರ್‌ಗಳು ರೈಫಲ್ ಹೊತ್ತುಕೊಂಡು ತೋಟಾ ಕಂಪನಿಗಳ ಪರೀಕ್ಷಾ ರೇಂಜ್‌ಗೇ ಹೋಗಿ, ಲಾಟ್ ಮೇಲೆ ಲಾಟ್ ಹೊಡೆದು ಆರಿಸಿಕೊಳ್ಳುತ್ತಾರೆ.

ಏರ್ ರೈಫಲ್‌ನಲ್ಲೂ ನಮ್ಮ ಕೈಯಲ್ಲಿರುವುದು ಇಷ್ಟೇ. ಪೆಲೆಟ್ ಮಾಡಲು ಆಗುವುದಿಲ್ಲ, ಆರಿಸಬಹುದು. ಚೆನ್ನಾಗಿ ಆರಿಸಿದರೆ ಅದೇ ಸಾಕು.

ಹೆಜ್ಜೆ 1: ಮೊದಲು ರೈಫಲ್‌ನ ಅನುಮಾನ ಕಳೆಯಿರಿ

ಸಡಿಲ ತಿರುಪು ಇರುವ ರೈಫಲ್‌ನಲ್ಲಿ ಪೆಲೆಟ್ ಪರೀಕ್ಷೆ ಮಾಡುವುದು ಸುಮ್ನೆ ಸೀಸ ಹಾಳು. ಬ್ಯಾರಲ್ ಮತ್ತು ಸ್ಟಾಕ್ (ಕೈಯಲ್ಲಿ ಹಿಡಿದು ಭುಜಕ್ಕೆ ಒತ್ತುವ ಭಾಗ) ಸೇರುವ ಕಡೆಯ ತಿರುಪುಗಳನ್ನು, ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ಕೀಲಿಯಿಂದ, ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿ ಮಾಡಿ. ಅಂದಾಜಿನಲ್ಲಿ ಬಿಗಿಯಬೇಡಿ. ಗುರಿ ನೋಡುವ ಹಿಂದಿನ ಸೈಟ್ ಅಲ್ಲಾಡುತ್ತದೆಯೇ, ಮುಂದಿನ ಸೈಟ್‌ನ ಉಂಗುರ ನೆಟ್ಟಗಿದೆಯೇ ನೋಡಿ.

ಆಮೇಲೆ ಗಾಳಿ. ರೈಫಲ್‌ನ ಗಾಳಿ ಸಿಲಿಂಡರ್‌ಗೆ ಹೆಚ್ಚಾಗಿ 200 ಬಾರ್ ಒತ್ತಡದ ತನಕ ತುಂಬಿಸುತ್ತಾರೆ. ನಿಧಾನಕ್ಕೆ ತುಂಬಿಸಿ, ಬೇಗ ತುಂಬಿಸಿದರೆ ಸಿಲಿಂಡರ್ ಬಿಸಿಯಾಗುತ್ತದೆ. ಆರಿದ ಮೇಲೆ ಒತ್ತಡ ಇಳಿದಿರುತ್ತದೆ. ತೇವವಿಲ್ಲದ ಸಾದಾ ಗಾಳಿ ಮಾತ್ರ ಬಳಸಿ. ಆಮ್ಲಜನಕದ ಸಿಲಿಂಡರ್‌ನಿಂದ ಯಾವ ಕಾರಣಕ್ಕೂ ತುಂಬಿಸಬೇಡಿ. ಒಳಗಿನ ಎಣ್ಣೆ, ಗ್ರೀಸ್ ಜೊತೆ ಸೇರಿದರೆ ಅದು ಸ್ಫೋಟಗೊಳ್ಳುತ್ತದೆ. ಸಿಲಿಂಡರ್ ಮೇಲೆ ತಯಾರಾದ ದಿನಾಂಕ ಇರುತ್ತದೆ, ಅದನ್ನೂ ಓದಿ. ಹತ್ತು ವರ್ಷ ದಾಟಿದ್ದರೆ ಅದರ ಆಯುಸ್ಸು ಮುಗಿದಂತೆ. ಸೆಕೆಂಡ್ ಹ್ಯಾಂಡ್ ರೈಫಲ್ ಕೊಳ್ಳುವವರು ಇದನ್ನೇ ನೋಡಲು ಮರೆಯುತ್ತಾರೆ.

ಕ್ಲಬ್‌ನಲ್ಲಿ ವೇಗ ಅಳೆಯುವ ಕ್ರೋನೋಗ್ರಾಫ್ ಇದ್ದರೆ ಹತ್ತು ಗುಂಡು ಹೊಡೆದು ನೋಡಿ. ಎಲ್ಲವೂ ಸೆಕೆಂಡಿಗೆ 2–3 ಮೀಟರ್ ವ್ಯತ್ಯಾಸದೊಳಗೆ ಬಂದರೆ, ಪ್ರತಿ ಗುಂಡಿಗೂ ಒಂದೇ ಒತ್ತಡ ಕೊಡುವ ರೆಗ್ಯುಲೇಟರ್ ಆರೋಗ್ಯವಾಗಿದೆ. ಹತ್ತು ಹನ್ನೆರಡು ಮೀಟರ್ ಏರುಪೇರು ಕಂಡರೆ ಇಲ್ಲೇ ನಿಲ್ಲಿಸಿ, ರೈಫಲ್ ರಿಪೇರಿಗೆ ಕೊಡಿ.

ಕೊನೆಗೆ ಬ್ಯಾರಲ್ ಶುಚಿ. ಶುಚಿಗೆಂದೇ ಮಾಡಿದ ಉಣ್ಣೆಯ (ಫೆಲ್ಟ್) ಪೆಲೆಟ್‌ಗಳನ್ನು ಹಿಂದಿನಿಂದ ಒಂದೆರಡು ಹಾರಿಸಿದರೆ ಸಾಕು. ತಂತಿ ಬ್ರಷ್ ಹಾಕಿ ತಿಕ್ಕುವವರನ್ನು ನೋಡಿದ್ದೇನೆ, ನೋಡಲು ಸಂಕಟವಾಗುತ್ತದೆ. ಬ್ಯಾರಲ್‌ನ ಬಾಯಿಯ ಅಂಚಿಗೆ ಸಣ್ಣ ಗೀರು ಬಿದ್ದರೂ ಆ ಬ್ಯಾರಲ್ ಮೊದಲಿನಂತಾಗುವುದಿಲ್ಲ.

ಹೆಜ್ಜೆ 2: ಪರೀಕ್ಷೆಗೆ ಪೆಲೆಟ್ ಆರಿಸುವುದು

ಸ್ಪರ್ಧೆಯ ಪೆಲೆಟ್‌ನ ತಲೆ ಚಪ್ಪಟೆ. ಕಾಗದದಲ್ಲಿ ದುಂಡನೆ ತೂತು ಬೀಳಲಿ ಎಂದೇ ಹಾಗೆ ಮಾಡಿರುತ್ತಾರೆ. ನಡು ಸಣ್ಣ, ಹಿಂದೆ ಟೊಳ್ಳಾದ ಲಂಗದಂಥ ಭಾಗ. ಗಾಳಿಯ ಒತ್ತಡಕ್ಕೆ ಆ ಲಂಗ ಅರಳಿ ಬ್ಯಾರಲ್‌ನ ಗೋಡೆಗೆ ಒತ್ತಿಕೊಳ್ಳುತ್ತದೆ. ತಲೆ ಬ್ಯಾರಲ್‌ನ ಗೆರೆಗಳ ಮೇಲೆ ಸವಾರಿ ಮಾಡುತ್ತದೆ. ಅದಕ್ಕೇ ತಲೆಯ ಅಳತೆ ಮುಖ್ಯ. 4.49, 4.50, 4.51 ಎಂದು ಡಬ್ಬಿಯ ಮೇಲೆ ಬರೆದಿರುವುದು ಅದನ್ನೇ. ಒಂದೊಂದು ಬ್ಯಾರಲ್‌ಗೆ ಒಂದೊಂದು ಹಿಡಿಸುತ್ತದೆ. ಒಂದೇ ಮಾದರಿಯ ಎರಡು ರೈಫಲ್‌ಗಳು ಬೇರೆ ಬೇರೆ ಅಳತೆ ಕೇಳಬಹುದು. ಗೆಳೆಯನಿಗೆ 4.50 ಒಳ್ಳೆಯದಾಯಿತು ಎಂದರೆ ನಿಮಗೂ ಆಗಬೇಕೆಂದಿಲ್ಲ.

ಆರ್‌ಡಬ್ಲ್ಯೂಎಸ್ ಆರ್10, ಎಚ್ ಆ್ಯಂಡ್ ಎನ್ ಫಿನಾಲೆ ಮ್ಯಾಚ್, ಜೆಎಸ್‌ಬಿ, ಕ್ವಿಯಾಂಗ್ ಯುವಾನ್ ಒಲಿಂಪಿಕ್ ಇವು ಸ್ಪರ್ಧೆಗಳಲ್ಲಿ ಹೆಚ್ಚಾಗಿ ಕಾಣುವ ಹೆಸರುಗಳು. ಎಲ್ಲವನ್ನೂ ಕೊಳ್ಳಲು ಹೋಗಬೇಡಿ, ತುಂಬಾ ಖರ್ಚು. ನಮ್ಮ ಕ್ಲಬ್‌ನಲ್ಲಿ ನಾವು ಆರು ಜನ ಸೇರಿ ಒಬ್ಬೊಬ್ಬರು ಒಂದೊಂದು ಡಬ್ಬಿ ತಂದೆವು. ತಲಾ ಐವತ್ತು ಹಂಚಿಕೊಂಡೆವು. ಒಂದು ಡಬ್ಬಿಯ ದುಡ್ಡಿನಲ್ಲಿ ಆರು ಬಗೆ ಪರೀಕ್ಷೆ ಆಯಿತು. ಹಂಚುವಾಗ ಕಂಪನಿ, ತಲೆ ಅಳತೆ, ಲಾಟ್ ನಂಬರ್ ಮೂರನ್ನೂ ಚೀಟಿಯಲ್ಲಿ ಬರೆದು ಪೊಟ್ಟಣಕ್ಕೆ ಅಂಟಿಸಿ. ಲಾಟ್ ನಂಬರ್ ಇಲ್ಲದ ಫಲಿತಾಂಶಕ್ಕೆ ಬೆಲೆಯೇ ಇಲ್ಲ.

ರೈಫಲ್‌ಗೆ 0.53 ಗ್ರಾಂ ಆಸುಪಾಸಿನದ್ದು ಸಾಮಾನ್ಯ. ಹಗುರವಾದವು ಪಿಸ್ತೂಲಿಗೆಂದು ಮಾಡಿದವು. ಆದರೂ ಕೆಲವು ರೈಫಲ್‌ಗಳು ಅವನ್ನೂ ಇಷ್ಟಪಡುತ್ತವೆ, ಒಂದು ಬಗೆ ಸೇರಿಸಿ ನೋಡಬಹುದು.

ಹೆಜ್ಜೆ 3: ರೈಫಲ್ ಕಟ್ಟುವುದು

ಇಲ್ಲಿ ಅವಸರ ಬೇಡ. ಮನುಷ್ಯನನ್ನು ಲೆಕ್ಕದಿಂದ ಹೊರಗಿಡುವುದೇ ಈ ಹೆಜ್ಜೆಯ ಕೆಲಸ.

ಗಟ್ಟಿ ಮೇಜಿಗೆ ಬೆಂಚ್ ವೈಸ್ ಬಿಗಿಯಿರಿ. ಮೇಜು ಅಲ್ಲಾಡಬಾರದು. ನಮ್ಮಲ್ಲಿ ಮೇಜಿನ ಕೆಳಗೆ ಎರಡು ಮರಳು ಚೀಲ ಹಾಕಿದ ಮೇಲೆಯೇ ಅದು ಸುಮ್ಮನಾದದ್ದು. ವೈಸ್‌ನ ಎರಡೂ ಬಾಯಿಗೆ ದಪ್ಪ ಚರ್ಮ ಇಲ್ಲವೇ ರಬ್ಬರ್ ಹಾಕಿ. ಹಿಡಿಯಬೇಕಾದದ್ದು ರೈಫಲ್‌ನ ಮೈಯನ್ನು, ಬ್ಯಾರಲ್ ಅನ್ನಲ್ಲ. ಬ್ಯಾರಲ್ ಹಿಸುಕಿದರೆ ಫಲಿತಾಂಶ ಸುಳ್ಳಾಗುತ್ತದೆ, ಬ್ಯಾರಲ್‌ಗೂ ಪೆಟ್ಟು. ಸಿಲಿಂಡರ್ ಅನ್ನಂತೂ ವೈಸ್‌ಗೆ ಕೊಡಲೇಬೇಡಿ. ನಿಮ್ಮ ರೈಫಲ್‌ನಲ್ಲಿ ಹಿಡಿಯಲು ಸರಿಯಾದ ಜಾಗ ಯಾವುದು ಎಂದು ಕೋಚ್ ಹತ್ತಿರವೋ ರಿಪೇರಿ ಮಾಡುವವರ ಹತ್ತಿರವೋ ಕೇಳಿ.

ವೈಸ್ ಇಲ್ಲವೇ? ಮರಳು ಚೀಲ ಸಾಕು. ಮುಂದೊಂದು, ಹಿಂದೊಂದು ಚೀಲದ ಮೇಲೆ ರೈಫಲ್ ಮಲಗಿಸಿ, ಸೈಟ್‌ನಲ್ಲಿ ಗುರಿ ನೋಡಿ, ಮೆಲ್ಲಗೆ ಟ್ರಿಗರ್ ಎಳೆಯಿರಿ. ವೈಸ್‌ನಷ್ಟು ಖಚಿತವಲ್ಲ. ಆದರೂ ತೀರಾ ಕೆಟ್ಟದ್ದನ್ನು ಒಳ್ಳೆಯದರಿಂದ ಬೇರ್ಪಡಿಸಲು ಸಾಲುತ್ತದೆ.

10 ಮೀಟರ್‌ನಲ್ಲಿ ದಪ್ಪ ರಟ್ಟಿನ ಹಾಳೆ ಇಡಿ. ತೆಳು ಕಾಗದದಲ್ಲಿ ತೂತಿನ ಅಂಚು ಹರಿದು ಅಳೆಯಲು ಆಗುವುದಿಲ್ಲ. ಹಾಳೆಯ ಮೇಲೆ ಗುರಿ ಬರೆದಿರಬೇಕಿಲ್ಲ, ಖಾಲಿ ಹಾಳೆಯೇ ವಾಸಿ. ಗುಂಡುಗಳು ಒಂದೇ ಕಡೆ ಬೀಳುತ್ತಿವೆಯೇ ಎನ್ನುವುದಷ್ಟೇ ನಮಗೆ ಬೇಕು. ಹಿಂದೆ ಪೆಲೆಟ್ ಹಿಡಿಯುವ ಪೆಟ್ಟಿಗೆ ಇರಲಿ. ಕಣ್ಣಿಗೆ ಕನ್ನಡಕ ಹಾಕಿ. ಒಬ್ಬರು ಹಾಳೆ ಬದಲಿಸಲು ಹೋದಾಗ ಇನ್ನೊಬ್ಬರು ರೈಫಲ್ ಮುಟ್ಟಬಾರದು, ಲೋಡಿಂಗ್ ಭಾಗ ತೆರೆದೇ ಇರಬೇಕು.

ಹೆಜ್ಜೆ 4: ಹೊಡೆಯುವ ಕ್ರಮ

1. ಪ್ರತಿ ಹೊಸ ಪೆಲೆಟ್‌ಗೂ ಮೊದಲ 15–20 ಗುಂಡು ಲೆಕ್ಕಕ್ಕಿಲ್ಲ. ಹಿಂದಿನ ಪೆಲೆಟ್‌ನ ಸೀಸ ಬ್ಯಾರಲ್ ಗೋಡೆಯಲ್ಲಿ ತೆಳುವಾಗಿ ಅಂಟಿರುತ್ತದೆ. ಹೊಸದು ಅದರ ಮೇಲೆ ತನ್ನ ಹಾದಿ ಮಾಡಿಕೊಳ್ಳಬೇಕು.
2. ನಂತರ 10 ಗುಂಡಿನ ಒಂದು ಗ್ರೂಪ್, ಅಂದರೆ ಗುರಿ ಬದಲಿಸದೆ ಒಂದೇ ಕಡೆಗೆ ಹೊಡೆದ ಗುಂಡುಗಳ ಗುಂಪು. ಹಾಳೆಯ ಮೂಲೆಯಲ್ಲಿ ಲಾಟ್ ಬರೆಯಿರಿ.
3. ಎಲ್ಲ ಬಗೆಗಳನ್ನೂ ಒಂದು ಸಲ ಮುಗಿಸಿ. ಆಮೇಲೆ ಉಲ್ಟಾ ಕ್ರಮದಲ್ಲಿ ಮತ್ತೆ ಶುರುಮಾಡಿ. ಮೊದಲು ಹೊಡೆದದ್ದಕ್ಕೆ ತಂಪು ಹೊತ್ತು, ಕೊನೆಯದಕ್ಕೆ ಇಳಿದ ಒತ್ತಡ ಎಂಬ ಅನ್ಯಾಯ ಹೀಗೆ ಸರಿಹೋಗುತ್ತದೆ.
4. ಬೇರೆ ದಿನ ಮೂರನೇ ಸುತ್ತು. ಅದಕ್ಕೆ ಇನ್ನಷ್ಟು ಪೆಲೆಟ್ ಬೇಕಾಗುತ್ತದೆ, ಹಾಗಾಗಿ ಮೊದಲೆರಡು ಸುತ್ತಿನಲ್ಲಿ ಚೆನ್ನಾಗಿ ಬಂದವನ್ನಷ್ಟೇ ಒಯ್ಯಿರಿ.

5 ಗುಂಡಿನ ಗ್ರೂಪ್ ಸಾಲದೇ ಎಂದು ಕೇಳುತ್ತಾರೆ. ಸಾಲದು. ಐದು ಗುಂಡು ಅದೃಷ್ಟದಿಂದಲೂ ಒಂದೇ ತೂತಿಗೆ ಹೋಗಬಹುದು. ಹತ್ತು ಗುಂಡಿನ ಮೂರು ಗ್ರೂಪ್‌ಗಳಲ್ಲಿ ಅದೃಷ್ಟದ ಆಟ ಅಷ್ಟಾಗಿ ನಡೆಯುವುದಿಲ್ಲ. ಇನ್ನೊಂದು ಮಾತು. ಒಂಬತ್ತು ಒಟ್ಟಿಗೆ ಬಿದ್ದು ಒಂದು ಮಾತ್ರ ಆಚೆ ಹೋದರೆ, ಆ ಒಂದನ್ನು ಬಿಟ್ಟು ಅಳೆಯಬೇಡಿ. ಸ್ಪರ್ಧೆಯ ದಿನ ಹಾಳುಮಾಡುವುದು ಅದೇ ಒಂದು, ಅಲ್ವಾ?

ಲೋಡ್ ಮಾಡುವಾಗ ಪೆಲೆಟ್ ನೆಟ್ಟಗೆ ಕೂರಲಿ, ಬೆರಳಿನ ಒತ್ತಡ ಪ್ರತಿ ಸಲ ಒಂದೇ ಇರಲಿ. ಲಂಗ ನೆಗ್ಗಿದ ಪೆಲೆಟ್ ಕಂಡರೆ ಪಕ್ಕಕ್ಕಿಡಿ.

ಹೆಜ್ಜೆ 5: ಅಳತೆ

ವರ್ನಿಯರ್ ಕ್ಯಾಲಿಪರ್‌ನಿಂದ ಗ್ರೂಪ್‌ನ ಹೊರ ಅಂಚಿನಿಂದ ಹೊರ ಅಂಚಿಗೆ, ಅತಿ ಅಗಲವಾದ ಕಡೆ ಅಳೆಯಿರಿ. ಅದರಲ್ಲಿ 4.5 ಕಳೆಯಿರಿ. ಉಳಿದದ್ದು ಪೆಲೆಟ್‌ಗಳ ಕೇಂದ್ರಗಳ ನಡುವಿನ ನಿಜವಾದ ಹರಡು. ರಟ್ಟಿನ ತೂತು ಸ್ವಲ್ಪ ಕುಗ್ಗುವುದರಿಂದ ಸಂಖ್ಯೆ ತುಸು ಆಚೀಚೆ ಆಗಬಹುದು. ಎಲ್ಲವನ್ನೂ ಒಂದೇ ಬಗೆಯ ರಟ್ಟಿನಲ್ಲಿ ಹೊಡೆದರೆ ಹೋಲಿಕೆ ಕೆಡುವುದಿಲ್ಲ.

ನನ್ನ ಪುಸ್ತಕದಿಂದ ಒಂದು ಪರೀಕ್ಷೆಯ ಲೆಕ್ಕ ಕೊಡುತ್ತೇನೆ. ಒಂದೇ ಕಂಪನಿಯ 4.49 ಪೆಲೆಟ್: 5.9, 6.1, 6.3 ಮಿ.ಮೀ. ಅದೇ ಕಂಪನಿಯ 4.50: 6.8, 7.4, 6.6. ಅಭ್ಯಾಸಕ್ಕೆಂದು ತಂದ ಕಡಿಮೆ ಬೆಲೆಯದು: 8.2, 9.0, 8.5. ಸರಾಸರಿ ತೆಗೆದು 4.5 ಕಳೆದರೆ 1.6, 2.4 ಮತ್ತು 4.1. ಮೊದಲನೆಯದರಲ್ಲಿ ಗುಂಡು ಗ್ರೂಪ್‌ನ ನಡುವಿನಿಂದ ಹೆಚ್ಚೆಂದರೆ 0.8 ಮಿ.ಮೀ ಆಸುಪಾಸು ಸರಿಯುತ್ತದೆ. ಅಂದರೆ ಸುಮಾರು 0.3 ಅಂಕ. ಮೂರನೆಯದರಲ್ಲಿ 2 ಮಿ.ಮೀ, ಅಂದರೆ 0.8 ಅಂಕ. ನಾನು ಎಷ್ಟೇ ಚೆನ್ನಾಗಿ ಹೊಡೆದರೂ ಆ ಪೆಲೆಟ್ ನನ್ನ 10.6 ಅನ್ನು 9.8 ಮಾಡಿಬಿಡಬಹುದು.

ಹತ್ತು ಗುಂಡಿಗೆ ಹೊರ ಅಂಚಿನ ಅಳತೆ 6.5 ಮಿ.ಮೀ ಒಳಗೆ ಬಂದರೆ ನಾನು ಸ್ಪರ್ಧೆಗೆ ಇಟ್ಟುಕೊಳ್ಳುತ್ತೇನೆ. 7.5ರ ತನಕ ಅಭ್ಯಾಸಕ್ಕೆ ಸಾಕು. ಎರಡು ಬಗೆಗಳ ನಡುವೆ 0.2 ಮಿ.ಮೀ ವ್ಯತ್ಯಾಸ ಮಾತ್ರ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಸುಲಭವಾಗಿ ಸಿಗುವುದನ್ನು ಆರಿಸಿ.

ತೂಕ ಮಾಡುವುದು, ತೊಳೆಯುವುದು

ಪೆಲೆಟ್‌ಗಳನ್ನು ಒಂದೊಂದಾಗಿ ತೂಗಿ ವಿಂಗಡಿಸುವ ಶೂಟರ್‌ಗಳಿದ್ದಾರೆ. 0.001 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಬೇಕು. ನಾನೂ ಒಂದು ಇಡೀ ಡಬ್ಬಿ ತೂಗಿದ್ದೇನೆ. ಒಳ್ಳೆಯ ಕಂಪನಿಯ ಡಬ್ಬಿಯಲ್ಲಿ ಇದರಿಂದ ನನ್ನ ಗ್ರೂಪ್ ಸಣ್ಣದಾಗಲಿಲ್ಲ. ಆ ಹೊತ್ತಿನಲ್ಲಿ ಗುಂಡಿಲ್ಲದ ಅಭ್ಯಾಸ ಮಾಡಿದರೆ ಜಾಸ್ತಿ ಲಾಭ. ಆದರೆ ಕಣ್ಣಿನಿಂದ ನೋಡಿ ನೆಗ್ಗಿದ್ದನ್ನು ತೆಗೆಯುವುದು ಮಾತ್ರ ಬಿಡಬೇಡಿ. ಮೆತ್ತನೆ ಬಿಳಿ ಬಟ್ಟೆಯ ಮೇಲೆ ಸುರಿದು ಹೊರಳಿಸಿದರೆ ಕುಂಟುವವು ತಾವೇ ಸಿಕ್ಕಿಬೀಳುತ್ತವೆ.

ತೊಳೆದು ಎಣ್ಣೆ ಸವರುವ ಪದ್ಧತಿಯೂ ಇದೆ. ಸ್ಪರ್ಧೆಯ ಪೆಲೆಟ್‌ಗೆ ಅದು ಬೇಡ ಎಂಬುದು ನನ್ನ ಅಭಿಪ್ರಾಯ. ಡಬ್ಬಿಯಿಂದ ಬಂದ ಹಾಗೇ ಪರೀಕ್ಷೆ ಮಾಡಿ, ಹಾಗೇ ಹೊಡೆಯಿರಿ.

ಇವೆಲ್ಲ ಸೀಸ ಎನ್ನುವುದು ನೆನಪಿರಲಿ. ಪೆಲೆಟ್ ಮುಟ್ಟಿದ ಕೈಯಲ್ಲಿ ತಿಂಡಿ ತಿನ್ನಬೇಡಿ. ಬಾಯಲ್ಲಿ ಪೆಲೆಟ್ ಕಚ್ಚಿಕೊಂಡು ಲೋಡ್ ಮಾಡುವ ಹುಡುಗರನ್ನು ಕಂಡರೆ ದಯವಿಟ್ಟು ತಡೆಯಿರಿ. ಮನೆಗೆ ಹೋಗುವ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ. ಮನೆಯಲ್ಲಿ ಮಕ್ಕಳಿದ್ದರೆ ಡಬ್ಬಿ ಬೀಗದೊಳಗಿರಲಿ.

ಹೆಜ್ಜೆ 6: ಸಿಕ್ಕ ಲಾಟ್ ಕೂಡಿಡುವುದು

ಒಪ್ಪುವ ಲಾಟ್ ಸಿಕ್ಕಿದ ದಿನವೇ ಅಂಗಡಿಗೆ ಫೋನ್ ಮಾಡಿ. ಅದೇ ಲಾಟ್ ನಂಬರ್‌ನ ಡಬ್ಬಿಗಳು ಎಷ್ಟಿವೆ ಎಂದು ಕೇಳಿ. ಮುಂದಿನ ತಿಂಗಳು ಕೇಳಿದರೆ ಇರುವುದಿಲ್ಲ.

ಎಷ್ಟು ಬೇಕು? ಒಂದು ಸ್ಪರ್ಧೆಗೆ 60 ಗುಂಡು, ಅದರ ಮೊದಲಿನ ಪರೀಕ್ಷಾ ಗುಂಡು ಸೇರಿದರೆ ಸುಮಾರು 100. ವರ್ಷಕ್ಕೆ ಎಂಟು ಸ್ಪರ್ಧೆ ಎಂದರೆ 800. ಪ್ರತಿ ಸ್ಪರ್ಧೆಯ ಹಿಂದಿನ ವಾರ ಅದೇ ಪೆಲೆಟ್‌ನಲ್ಲಿ ಎರಡು ದಿನ ಅಭ್ಯಾಸ ಮಾಡಬೇಕು, ಅದಕ್ಕೆ ಸುಮಾರು 1,200. ಒಟ್ಟು 2,000. ಡಬ್ಬಿಯಲ್ಲಿ 500 ಇರುತ್ತವೆ, ಹಾಗಾಗಿ ನಾಲ್ಕು ಡಬ್ಬಿ. ನಾನು ಐದು ತೆಗೆದುಕೊಳ್ಳುತ್ತೇನೆ. ಐದನೆಯದು ಮುಂದಿನ ವರ್ಷ ಹೊಸ ಲಾಟ್‌ಗಳನ್ನು ಹೋಲಿಸಿ ನೋಡಲು ಅಳತೆಗೋಲಾಗಿ ಉಳಿಯುತ್ತದೆ. ಉಳಿದ ದಿನಗಳ ಅಭ್ಯಾಸಕ್ಕೆ ಎರಡನೇ ದರ್ಜೆಯದು ಸಾಕು.

ಮಡಿಕೇರಿಯ ಮಳೆಗಾಲದಲ್ಲಿ ತೆರೆದಿಟ್ಟ ಸೀಸದ ಮೇಲೆ ಬಿಳಿ ಪುಡಿ ಹಿಡಿಯುತ್ತದೆ. ಅಂಥ ಪೆಲೆಟ್ ಬ್ಯಾರಲ್‌ಗೆ ಹಾಕಬೇಡಿ. ಡಬ್ಬಿಯ ಮುಚ್ಚಳಕ್ಕೆ ಸುತ್ತ ಟೇಪ್ ಅಂಟಿಸಿ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಒಂದು ಹಿಡಿ ಹಾಕಿ ಇಡಿ. ಸ್ಪರ್ಧೆಗೆ ಒಯ್ಯುವಾಗ ಡಬ್ಬಿ ಬ್ಯಾಗಿನೊಳಗೆ ಕುಲುಕಾಡದಂತೆ ಮೇಲೆ ಒಂದು ತುಂಡು ಸ್ಪಂಜು ತುರುಕಿ. ಬಸ್ಸಿನಲ್ಲಿ ಮಡಿಕೇರಿಯಿಂದ ಬೆಂಗಳೂರಿಗೆ ಬರುವಷ್ಟರಲ್ಲಿ ಅರ್ಧ ಡಬ್ಬಿಯ ಲಂಗಗಳು ಒಂದಕ್ಕೊಂದು ಬಡಿದು ನೆಗ್ಗಿದ್ದನ್ನು ನಾನು ಕಂಡಿದ್ದೇನೆ. ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ ಲಾಟ್ ನಂಬರ್, ಪರೀಕ್ಷಿಸಿದ ದಿನಾಂಕ, ಗ್ರೂಪ್‌ನ ಅಳತೆ ಬರೆದಿಡಿ. ಪಕ್ಕದಲ್ಲಿ ಯಾವ ರೈಫಲ್‌ಗೆ ಎಂದೂ ಬರೆಯಿರಿ.